ಅಮ್ಮ, ಆ ಕುದುರೆ ಕಾರ್ಡಿನ ವಿಷಯ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ಲಂಡನ್ನಿನಲ್ಲಿ ನಾವೆಲ್ಲ ಆರಾಮ. ಅಪ್ಪನನ್ನೂ ಗಿರಿಜತ್ತೆಯನ್ನೂ ಕೇಳಿದೆ ಅಂತ ಹೇಳು. ಫೋನಿನಲ್ಲಿ ಪಿತ್ತಕೋಶದ ಆಪರೇಷನ್ ಅಂದ ತಕ್ಷಣ ನೀನು ಮಳೆ, ಮೆಣಸು, ಕೆಲಸದವರು ಅಂತ ಮಾತು ತಿರುಗಿಸ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸುಮಾ ಪ್ರಿಂಟ್ ತೆಗೆದು ಕೊಡುತ್ತಾಳೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ಶೋಭಕ್ಕನ ಮಗಳು ಯಾರೋ ಟ್ಯಾರೋ ಅನ್ನುವ ಚಿತ್ರದ ಕಾರ್ಡ್ ನೋಡಿ ಭವಿಷ್ಯ ಹೇಳುವವಳ ಹತ್ತಿರ ವೀಡಿಯೋ ಕಾಲ್‌ನಲ್ಲಿ ನಿನ್ನ ಹೆಸರಿಗೆ ಕಾರ್ಡ್ ತೆಗೆಸಿದ್ದು, ಅಸ್ಥಿಪಂಜರ ಕುದುರೆ ಏರಿ ಬಂದಿದ್ದು, ಈಗ ಮೈಗೆ ಕತ್ತರಿ ಬೇಡ ಅಂತ ಅವಳು ಹೇಳಿದ್ದು, ನೀನು ತಾರೀಕು ಮುಂದಕ್ಕೆ ಹಾಕಿಸಿದ್ದು, ಎಲ್ಲ ಗೊತ್ತಾಯಿತು. ಸುಮಾ ಮೇಲೆ ರೇಗಬೇಡ. ನಾನೇ ಬಾಯಿ ಬಿಡಿಸಿದೆ. ಗಿಳಿಶಾಸ್ತ್ರದವನನ್ನು ಗೇಟಿನಿಂದಲೇ ಸಾಗಹಾಕುತ್ತಿದ್ದವಳು ನೀನು. ದೇವರಲ್ಲಿ ಹೂ ಕೇಳುವುದು ಬೇರೆ, ಅದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದಿದ್ದು. ಇವಳ ಮಾತು ಹೇಗಮ್ಮ ನಾಟಿತು ನಿನಗೆ?

ಇಲ್ಲಿ ಈ ಕಾರ್ಡ್‌ಗಳು ಪುಸ್ತಕದಂಗಡಿಯಲ್ಲೇ ಸಿಗುತ್ತವೆ, ಡೈರಿ, ಗ್ರೀಟಿಂಗ್ ಕಾರ್ಡ್ ಪಕ್ಕದಲ್ಲಿ. ನಮ್ಮ ಆಫೀಸಿನಲ್ಲಿ ಒಬ್ಬಳು ಬೆಳಿಗ್ಗೆ ಟೀ ಕುಡಿಯುತ್ತಾ ಒಂದು ಕಾರ್ಡ್ ಎಳೆದ ಮೇಲೇ ಕಂಪ್ಯೂಟರ್ ಆನ್ ಮಾಡುವುದು. ಹಿಂದೊಮ್ಮೆ ನಾನು ರಾಹುಕಾಲ ಅಂದಿದ್ದಕ್ಕೆ ಬಿದ್ದು ಬಿದ್ದು ನಕ್ಕವಳೂ ಇದೇ ಮಹಾತಾಯಿ. ಅವಳ ಹತ್ತಿರವೇ ಕಟ್ಟು ಇಸ್ಕೊಂಡು ಬಂದು, ನಿನಗೆ ಬಂದ ಮೂರು ಕಾರ್ಡ್ ಹುಡುಕಿ ಮುಂದೆ ಇಟ್ಟುಕೊಂಡಿದ್ದೇನೆ. ಸುಮಾ ಕಳಿಸಿದ ಫೋಟೋದಲ್ಲಿ ಅಂಚೆಲ್ಲ ಕತ್ತರಿಸಿ ಹೋಗಿದೆ. ನೋಡಬೇಕಾದ್ದು ಇರುವುದು ಅಲ್ಲೇ.

ಮೊದಲು ಒಂದು ಮಾತು. ಇದು ಯಾವ ಋಷಿಮುನಿಗಳ ಕಾಲದ್ದೂ ಅಲ್ಲ. 15ನೇ ಶತಮಾನದಲ್ಲಿ ಇಟಲಿಯಲ್ಲಿ ಹುಟ್ಟಿದ ಎಲೆಯಾಟ. ಯುಗಾದಿಗೆ ಅಪ್ಪ ಆಡುತ್ತಾರಲ್ಲ, ಆ ಇಸ್ಪೀಟಿಗೆ ನೆಂಟಸ್ತಿಕೆ. ಭವಿಷ್ಯ ಹೇಳುವುದು ಅದಕ್ಕೆ ಜೋರಾಗಿ ಅಂಟಿಕೊಂಡಿದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ನಿನಗೆ ತೋರಿಸಿದ ಚಿತ್ರಗಳಂತೂ 1909ರಲ್ಲಿ ಇದೇ ಲಂಡನ್ನಿನಲ್ಲಿ ಅಚ್ಚಾದವು. ಎ.ಇ. ವೈಟ್ ಅನ್ನುವವನು ಹೇಳಿ ಮಾಡಿಸಿದ, ಪಮೇಲಾ ಕೋಲ್ಮನ್ ಸ್ಮಿತ್ ಅನ್ನುವ ಹೆಂಗಸು 78 ಕಾರ್ಡಿಗೂ ಚಿತ್ರ ಬರೆದಳು. ಕೆಲಸ ಬೆಟ್ಟದಷ್ಟು, ದುಡ್ಡು ಮಾತ್ರ ಚೂರೇ ಚೂರು ಅಂತ ಅವಳೇ ಆ ವರ್ಷ ಒಂದು ಕಾಗದದಲ್ಲಿ ಬರೆದಿದ್ದಾಳೆ. ಬಹಳ ಕಾಲ ಕಟ್ಟಿನ ಮೇಲೆ ಪ್ರಕಾಶಕನ ಹೆಸರು, ವೈಟ್ ಹೆಸರು ಮಾತ್ರ. ಆದರೆ ಚಿತ್ರದ ಮೂಲೆಯಲ್ಲಿ ತನ್ನ ಹೆಸರಿನ ಮೂರಕ್ಷರವನ್ನು ಬಳ್ಳಿ ಹಾಗೆ ಹೆಣೆದು ಗುರುತು ಹಾಕಿಬಿಟ್ಟಿದ್ದಾಳೆ, ಗಟ್ಟಿಗಿತ್ತಿ. ಬೇಲೂರಿನಲ್ಲಿ ದಾಸೋಜ, ಚಾವಣ ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿಲ್ವಾ, ಹಾಗೆ. ಅಲ್ಲಿ ಅಪ್ಪ ನಮ್ಮನ್ನು ಮದನಿಕೆ ಕೆಳಗೆ ನಿಲ್ಲಿಸಿ, ಹಲಸಿನ ಹಣ್ಣಿನ ಮೇಲಿರುವ ನೊಣ ಹುಡುಕಿ, ಅದಕ್ಕೆ ಹೊಂಚು ಹಾಕಿರುವ ಹಲ್ಲಿ ಹುಡುಕಿ ಅನ್ನುತ್ತಿದ್ದರು. ಗೈಡ್ ಅದಕ್ಕೆ ಒಂದು ಕತೆ ಸೇರಿಸುತ್ತಿದ್ದ. ನೊಣ ಕೆತ್ತಿದ್ದು ಶಿಲ್ಪಿ, ಕತೆ ಗೈಡಿನದು. ಈ ಕಾರ್ಡಿನವಳೂ ಗೈಡೇ ಅಮ್ಮ. ಚಿತ್ರದಲ್ಲಿ ಇಲ್ಲದ್ದೆಲ್ಲ ಹೇಳಿದ್ದಾಳೆ.

ಈಗ ಆ ಕುದುರೆ. ಮೇಲೆ ಕೂತಿರುವುದು ಸಾವೇ, ಸುಳ್ಳು ಹೇಳಲ್ಲ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ. ಕೆಳಗೆ ರಾಜ ಬಿದ್ದಿದ್ದಾನೆ, ಕಿರೀಟ ಉರುಳಿದೆ. ಒಬ್ಬ ಹುಡುಗಿ ಮಂಡಿಯೂರಿ ಮುಖ ತಿರುಗಿಸಿಕೊಂಡಿದ್ದಾಳೆ. ಅವಳ ಪಕ್ಕದ ಮಗುವನ್ನು ಮಾತ್ರ ನೋಡು, ಕುದುರೆಯನ್ನೇ ನೆಟ್ಟಗೆ ನೋಡುತ್ತಿದೆ, ಒಂಚೂರೂ ಹೆದರಿಕೆ ಇಲ್ಲ. ಸಾವಿನ ಕೈಯಲ್ಲಿರುವುದು ಕತ್ತಿಯೂ ಅಲ್ಲ, ಕತ್ತರಿಯೂ ಅಲ್ಲ, ಬಾವುಟ. ಅದರಲ್ಲಿ ಐದೆಸಳಿನ ಬಿಳಿ ಗುಲಾಬಿ. ಅದು ಜೀವದ ಗುರುತು ಅಂತ ವೈಟ್ ತಾನೇ ಪುಸ್ತಕದಲ್ಲಿ ಬರೆದಿದ್ದಾನೆ. ಬಲಗಡೆ ದೂರದಲ್ಲಿ, ಉಗುರಿನಷ್ಟು ಜಾಗದಲ್ಲಿ, ಎರಡು ಗೋಪುರ. ನಡುವೆ ಸೂರ್ಯ. ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಅಂತ ವಾದ ಮಾಡುವವರಿದ್ದಾರೆ, ಅಪ್ಪನೂ ಮಾಡುತ್ತಾರೆ ನೋಡ್ತಿರು. ವೈಟ್ ಅವನನ್ನು ಅಮರತ್ವದ ಸೂರ್ಯ ಅಂದಿದ್ದಾನೆ. ಅಂದ ಮೇಲೆ ಮುಳುಗುವ ಮಾತೆಲ್ಲಿ? ಅಂಥದೇ ಜೋಡಿ ಗೋಪುರ ಚಂದ್ರನ ಕಾರ್ಡಿನಲ್ಲೂ ಇದೆ, ಅಲ್ಲಿ ಅವುಗಳ ನಡುವೆ ದಾರಿಯೇ ಹೋಗುತ್ತದೆ. ಕಾರ್ಡ್ ಓದಿ ಪಳಗಿದವರು ಇದನ್ನು ಯಾರದೋ ಸಾವು ಅಂತ ಹೇಳುವುದು ಕಡಿಮೆ. ಹಳೆಯದೊಂದು ಮುಗಿಯಿತು, ಹೊಸದು ಶುರು ಅಂತಾರೆ. ಕಲ್ಲು ತುಂಬಿದ ಪಿತ್ತಕೋಶ ಮುಗಿಯಲಿ ಬಿಡು.

ಎರಡನೆಯದರಲ್ಲಿ ಮಲಗಿರುವವನನ್ನು ಹೆಣ ಅಂದುಕೊಂಡೆಯಂತೆ. ಅದು ಚರ್ಚುಗಳಲ್ಲಿ ಸಮಾಧಿ ಮೇಲೆ ಇಡುವ ಯೋಧನ ಪ್ರತಿಮೆ, ಇಲ್ಲಿ ಬೇಕಾದಷ್ಟು ಇವೆ. ಕಾರ್ಡಿನವರು ಇದಕ್ಕೆ ಹೇಳುವುದು ವಿಶ್ರಾಂತಿ, ಸುಧಾರಿಸಿಕೊಳ್ಳುವುದು. ಮೇಲೆ ಎಡಗಡೆ ಬಣ್ಣದ ಗಾಜಿನ ಕಿಟಕಿಯಲ್ಲಿ ಶಾಂತಿ ಅಂತ ಲ್ಯಾಟಿನ್‌ನಲ್ಲಿ ಚಿಕ್ಕದಾಗಿ ಬರೆದಿದೆ. ಆಪರೇಷನ್ ಆದಮೇಲೆ ಭಾರ ಎತ್ತದೆ ಸುಮ್ನೆ ಮಲಗು ಅನ್ನುವುದಕ್ಕೆ ಇದಕ್ಕಿಂತ ಬೇಕಾ?

ಮೂರನೆಯದು ನಿನ್ನನ್ನು ಅಳಿಸಿದ್ದು ಅಂತ ಸುಮಾ ಹೇಳಿದಳು. ತೋಟ ಇದೆ, ಫಸಲಿದೆ, ಪಕ್ಕದಲ್ಲಿ ಯಾರೂ ಇಲ್ಲ ಅಂದಳಂತೆ. ಅದನ್ನು ಕೇಳಿ ನನಗೂ ನಿದ್ದೆ ಬರಲಿಲ್ಲ. ಆದರೆ ಆ ಹೆಂಗಸನ್ನು ಸರಿಯಾಗಿ ನೋಡಮ್ಮ. ದ್ರಾಕ್ಷಿ ಗೊಂಚಲಿನ ಮಧ್ಯೆ ಹೂವಿನ ನಿಲುವಂಗಿ ಹಾಕಿಕೊಂಡು ನಿಂತಿದ್ದಾಳೆ, ಎಡಗೈ ಮೇಲೆ ಡೇಗೆ ಹಕ್ಕಿ. ಹಕ್ಕಿಯ ಕಣ್ಣಿಗೆ ಟೊಪ್ಪಿಗೆ ಮುಚ್ಚಿದೆ. ಅದು ಸಾಕಿದ ಹಕ್ಕಿ. ಎಷ್ಟು ಎತ್ತರಕ್ಕೆ ಹಾರಿದರೂ ಅದೇ ಕೈಗೆ ವಾಪಸ್ ಬರುವುದನ್ನು ಕಲಿತಿರುತ್ತದೆ. ಇನ್ನು ಅವಳ ಕಾಲ ಹತ್ತಿರ, ಕೆಳಗೆ ನೆಲದ ಮೇಲೆ, ಒಂದು ಬಸವನಹುಳು. ನೀನು ನೋಡಿದ್ದರೆ ಉಪ್ಪು ತರಲು ಒಳಗೆ ಓಡುತ್ತಿದ್ದೆ. ಈ ಹುಳುವಿನ ಬಗ್ಗೆ ವೈಟ್ ಆ ಕಾರ್ಡಿಗೆ ಬರೆದಿದ್ದರಲ್ಲಿ ಒಂದು ಮಾತೂ ಇಲ್ಲ. ನಿಧಾನವಾಗಿ ಕೂಡಿಟ್ಟ ಆಸ್ತಿ ಅಂತ ಕೆಲವರು, ಮನೆಯನ್ನು ಬೆನ್ನ ಮೇಲೆ ಹೊತ್ತವಳು ಅಂತ ಇನ್ನು ಕೆಲವರು. ಪಮೇಲಾ ಸುಮ್ನೆ ತೋಟ ಅಂದ ಮೇಲೆ ಹುಳು ಇರಲಿ ಅಂತ ಬರೆದಳು ಅಂತ ನನಗೆ ಅನ್ನಿಸುತ್ತದೆ. ಒಟ್ಟಿನಲ್ಲಿ ನಿನ್ನ ಪಕ್ಕದಲ್ಲಿ ಯಾರೂ ಇಲ್ಲ ಅನ್ನುವುದು ಅಪ್ಪಟ ಸುಳ್ಳು. ಅಪ್ಪ ಇಲ್ವಾ? ಸುಮಾ ಇಲ್ವಾ? ರಘು ಕರೆದರೆ ಅರ್ಧ ರಾತ್ರಿಗೂ ಕಾರು ತರುತ್ತಾನೆ.

ಕಾರ್ಡಿನ ಮಾತು ಸಾಕು. ಡಾಕ್ಟರ್ ಹೇಳಿದ್ದು ಕೇಳು. ಹೊಟ್ಟೆ ಕೊಯ್ಯುವುದಿಲ್ಲ, ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಪಿತ್ತಕೋಶ ತೆಗೆಯುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಇಲ್ಲೂ ಇದನ್ನೇ ಮಾಡುವುದು, ನಮ್ಮ ಕೆಳಗಿನ ಮನೆಯವಳಿಗೂ ಆಗಿದೆ, ಈಗ ನಾಯಿ ಹಿಡಿದುಕೊಂಡು ಓಡುತ್ತಾಳೆ. ಪಿತ್ತಕೋಶ ಇಲ್ಲದಿದ್ದರೂ ಊಟ ಜೀರ್ಣ ಆಗುತ್ತದೆ, ಪಿತ್ತ ತಯಾರಾಗುವುದು ಲಿವರಿನಲ್ಲಿ. ಬಿಟ್ಟರೇ ಕಷ್ಟ. ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ಕಾಮಾಲೆ ಆಗಬಹುದು, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹಾಸನಾಂಬೆ ಬಾಗಿಲು ತೆಗೆಯಲಿ, ದರ್ಶನ ಆಗಲಿ, ಆಮೇಲೆ ಅಂದೆಯಂತೆ. ತಾಯಿ ಬಾಗಿಲು ತೆಗೆಯುವುದು ದೀಪಾವಳಿ ಹೊತ್ತಿಗೆ, ಈಗಿನ್ನೂ ಆಷಾಢ. ಕಲ್ಲು ಅಲ್ಲಿಯವರೆಗೆ ಕಾಯುತ್ತಾ? ಈಗ ಮಾಡಿಸಿಕೋ, ಆಗ ನಾನೂ ಬರುತ್ತೇನೆ, ಕ್ಯೂನಲ್ಲಿ ಜೊತೆಗೆ ನಿಲ್ಲುತ್ತೇನೆ. ರಜಕ್ಕೆ ಬರೆದು ಕೊಟ್ಟಾಗಿದೆ.

ದುಡ್ಡಿನ ಯೋಚನೆ ಬೇಡವೇ ಬೇಡ. ಅಪ್ಪನ ಅಕೌಂಟಿಗೆ ಹಾಕಿದ್ದೇನೆ. ಕಾಫಿ ಮಾರಿದ ದುಡ್ಡು ಮುಟ್ಟಬೇಡಿ. ನನಗೆ ಇಲ್ಲಿ ಏನೂ ಕಷ್ಟ ಇಲ್ಲ, ಸಂಬಳ ಸಾಕಷ್ಟು ಬರುತ್ತದೆ, ಊಟ ಸರಿಯಾಗಿ ಮಾಡ್ತೀನಿ, ಸಣ್ಣ ಆಗಿಲ್ಲ, ಫೋಟೋದಲ್ಲಿ ಹಾಗೆ ಕಾಣುತ್ತೆ ಅಷ್ಟೆ.

ಬಸ್ಸಿಗೆ ಹೊತ್ತಾಯಿತು. ನಾಳೆಯೇ ಸುಮಾ ಕೈಲಿ ಆಸ್ಪತ್ರೆಗೆ ಫೋನ್ ಮಾಡಿಸಿ ತಾರೀಕು ತಗೋ. ಬಿಪಿ ಮಾತ್ರೆ ಚೀಟಿ, ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಎರಡೂ ಒಂದೇ ಕವರಿನಲ್ಲಿ ಇಡು. ಕರಿದಿದ್ದು ಮುಟ್ಟಬೇಡ. ಶೋಭಕ್ಕನ ಮಗಳಿಗೆ ನಾನು ಏನೂ ಅಂದಿಲ್ಲ ಅಂತ ಹೇಳು, ಬಂದಾಗ ಅಂತೀನಿ.

ನಿನ್ನ
ಪುಟ್ಟಿ