ಲಿಫ್ಟೇ ಇಲ್ಲದ ಹೋಟೆಲಿಗೆ ಲಿಫ್ಟ್ ಇದೆ ಅಂತ ಹಾಕಿದ್ದೀರ, ದುಡ್ಡು ವಾಪಸ್ ಮಾಡಿ, ಮೊದಲು ಆ ಪೇಜ್ ತಿದ್ದಿ

ಇವರಿಗೆ,
ಗ್ರೀವೆನ್ಸ್ ಆಫೀಸರ್,
ಹೋಟೆಲ್ ಬುಕಿಂಗ್ ಆ್ಯಪ್ ಕಂಪನಿ

ದಿನಾಂಕ: 12-1-2026, ಮೈಸೂರು

ವಿಷಯ: ಹೊಸಪೇಟೆಯ ಹೋಟೆಲ್ ಬುಕಿಂಗಲ್ಲಿ ಆದ ಮೋಸದ ಬಗ್ಗೆ ದೂರು

ಸರ್ / ಮೇಡಂ,

ನಿಮ್ಮ ಆ್ಯಪಲ್ಲಿ ಡಿಸೆಂಬರ್ 27 ಮತ್ತು 28 ಎರಡು ರಾತ್ರಿಗೆ ಹೊಸಪೇಟೆಯ ಒಂದು ಹೋಟೆಲಲ್ಲಿ ನಾಲ್ಕು ಜನದ ಫ್ಯಾಮಿಲಿ ರೂಮ್ ಬುಕ್ ಮಾಡಿದ್ದೆ, 7,669 ರೂಪಾಯಿ ಪೂರ್ತಿ ಮುಂಚೆನೇ ಕಟ್ಟಿದ್ದೀನಿ. ನಿಮ್ಮ ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಿದ್ದೀನಿ, ಎರಡು ಮೇಲ್ ಹಾಕಿದ್ದೀನಿ, ಎಲ್ಲದಕ್ಕೂ ಬಂದಿದ್ದು ಒಂದೇ ಉತ್ತರ, ಅನಾನುಕೂಲಕ್ಕೆ ವಿಷಾದಿಸ್ತೀವಿ, ಹೋಟೆಲ್ ಪಾರ್ಟ್ನರ್ ಜೊತೆ ಮಾತಾಡಿ ಅಂತ. ನಾನು ದುಡ್ಡು ಕಟ್ಟಿದ್ದು ನಿಮಗೆ. ಲಿಫ್ಟ್ ಇದೆ ಅಂತ ಹಸಿರು ಟಿಕ್ ಹಾಕಿ ತೋರಿಸಿದ್ದು ನೀವು. ಅದಕ್ಕೆ ಉತ್ತರಾನೂ ನಿಮ್ಮಿಂದಲೇ ಬೇಕು ಅಂತ ಈ ಪತ್ರ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಾವ್ಯಾಕೆ ಹೋಗಿದ್ದು ಅಂತ ಹೇಳಿಬಿಡ್ತೀನಿ. ನಮ್ಮಮ್ಮನಿಗೆ 72 ವರ್ಷ, ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತಿದ್ದ ಮೇಷ್ಟ್ರಮ್ಮ. ಮುತ್ತು ರತ್ನಾನ ಬಳ್ಳದಲ್ಲಿ ಅಳೆದು ಮಾರ್ತಿದ್ರು ಅಂತ 31 ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ, ಆದ್ರೆ ಹಂಪಿಗೆ ಒಂದು ಸಲಾನೂ ಹೋಗಿರ್ಲಿಲ್ಲ, ಸ್ಕೂಲ್ ಟೂರ್ ಹೊರಟಾಗೆಲ್ಲ ಮನೇಲಿ ಒಂದಲ್ಲ ಒಂದು ತಾಪತ್ರಯ. ಈಗ ಎರಡೂ ಮೊಣಕಾಲು ಸವೆದಿದೆ, ಶುಗರ್ ಇದೆ, ದಿನಕ್ಕೆರಡು ಹೊತ್ತು ಇನ್ಸುಲಿನ್. ಇನ್ನೂ ತಡ ಮಾಡಿದ್ರೆ ಆಗಲ್ಲ ಅಂತ ಮಗನ ಕ್ರಿಸ್ಮಸ್ ರಜಕ್ಕೆ ನಾನೂ ನಮ್ಮ ಯಜಮಾನ್ರೂ ಸೇರಿ ಪ್ಲಾನ್ ಮಾಡಿದ್ವಿ.

ಅದಕ್ಕೇ ನಾನು ರೂಮ್ ಹುಡುಕುವಾಗ ಫಿಲ್ಟರಲ್ಲಿ ಒತ್ತಿದ್ದು ಎರಡೇ, ಲಿಫ್ಟ್ ಮತ್ತೆ ತಿಂಡಿ ಸೇರಿರಬೇಕು. ಸ್ವಿಮಿಂಗ್ ಪೂಲ್ ಬೇಡ, ವ್ಯೂ ಬೇಡ, ಟೀವಿ ಇಲ್ದಿದ್ರೂ ನಡೀತಿತ್ತು. ನಿಮ್ಮ ಆ್ಯಪ್ ತೋರಿಸಿದ ಹೋಟೆಲಲ್ಲಿ ಎರಡಕ್ಕೂ ಟಿಕ್ ಇತ್ತು, ಸ್ಕ್ರೀನ್‌ಶಾಟ್ ಇಟ್ಕೊಂಡಿದ್ದೀನಿ. ಪಕ್ಕದಲ್ಲೇ ಕೆಂಪಕ್ಷರದಲ್ಲಿ ಇನ್ನೊಂದೇ ರೂಮ್ ಉಳಿದಿದೆ ಅಂತ ಇತ್ತು, ಗಾಬರಿಯಾಗಿ ತಕ್ಷಣ ಬುಕ್ ಮಾಡ್ಬಿಟ್ಟೆ. ಹಂಗೆ ಮಾಡಿದ ಮೇಲೂ ರಾತ್ರಿ ನಮ್ಮೆಜಮಾನ್ರ ಫೋನಲ್ಲಿ ನೋಡಿದ್ರೆ ಅದೇ ರೂಮು, ಅದೇ ತಾರೀಖು, ಇನ್ನೊಂದೇ ಉಳಿದಿದೆ ಅಂತಾನೇ ಬರ್ತಿತ್ತು. ಈ ಥರ ಸುಳ್ಳು ಅವಸರ ಹುಟ್ಟಿಸೋದನ್ನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2023ರ ನವೆಂಬರಲ್ಲೇ ಡಾರ್ಕ್ ಪ್ಯಾಟರ್ನ್, ಅಂದ್ರೆ ಗ್ರಾಹಕರನ್ನ ಯಾಮಾರಿಸೋ ತಂತ್ರ, ಅಂತ ಪಟ್ಟಿ ಮಾಡಿ ನಿಷೇಧ ಮಾಡಿದ್ದಾರೆ, ನಿಮಗೆ ಗೊತ್ತಿರಲೇಬೇಕು. ರೇಟಿನದ್ದೂ ಅದೇ ಕಥೆ. ಮೊದಲನೇ ಪೇಜಲ್ಲಿ ದಿನಕ್ಕೆ 3,200, ಅಂದ್ರೆ ಎರಡು ದಿನಕ್ಕೆ 6,400. ಅದರ ಮೇಲೆ ಜಿಎಸ್‌ಟಿ 5 ಪರ್ಸೆಂಟ್ 320, ಅದು ಸರಿ, ಸರ್ಕಾರದ್ದು. ಆಮೇಲೆ ಕೊನೇ ಪೇಜಲ್ಲಿ ಕನ್ವೀನಿಯೆನ್ಸ್ ಫೀ ಅಂತ 249, ಬೆಳಗ್ಗೆ ಬೇಗ ರೂಮ್ ಕೊಡೋದಕ್ಕೆ ಅರ್ಲಿ ಚೆಕ್ ಇನ್ ಅಂತ 700. ನಾವು ಹಂಪಿ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಳಗ್ಗೆ ಇಳಿಯೋರು, ಅಮ್ಮ ಕಾಲು ಚಾಚಿ ಮಲಗಲಿ ಅಂತ ಆ 700 ನಾನೇ ಒಪ್ಕೊಂಡು ಕಟ್ಟಿದೆ. ಕೇಳದೇನೇ ಟಿಕ್ ಹಾಕಿಟ್ಟಿದ್ದ 199ರ ಇನ್ಶೂರೆನ್ಸನ್ನ ನೋಡ್ಕೊಂಡು ತೆಗೆದೆ.

27ನೇ ತಾರೀಖು ಬೆಳಗ್ಗೆ ಸ್ಟೇಷನ್ನಿಂದ ಆಟೋದಲ್ಲಿ ಹೋಟೆಲ್ ಮುಟ್ಟಿದಾಗ ಏಳೂವರೆ. ರಿಸೆಪ್ಷನ್ ಹುಡುಗ ಕಂಪ್ಯೂಟರ್ ನೋಡಿ, ಮೇಡಂ ಬುಕಿಂಗ್ ಇದೆ, ಆದ್ರೆ ರೂಮ್ 12 ಗಂಟೆಗೆ, ಅರ್ಲಿ ಚೆಕ್ ಇನ್ ಅಂತ ನಮಗೇನೂ ಬಂದಿಲ್ಲ, ಆ ದುಡ್ಡು ಆ್ಯಪಿನವರೇ ಇಟ್ಕೊಂಡಿರ್ತಾರೆ ಅಂದ. ಸರಿ ತಿಂಡಿನಾದ್ರೂ ಕೊಡಿ, ನಮ್ಮ ತಾಯಿ ಇನ್ಸುಲಿನ್ ತಗೊಂಡಿದ್ದಾರೆ ಅಂದೆ. ಯಾಕಂದ್ರೆ ತಿಂಡಿ ಸೇರಿದೆ ಅಂತ ನಂಬ್ಕೊಂಡು ಅಮ್ಮ ಆಟೋ ಇಳಿದ ತಕ್ಷಣ ಲಾಬೀಲೇ ಸೂಜಿ ಚುಚ್ಕೊಂಡಿದ್ರು, ಅವರದ್ದು ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದ್ರೂ ಬೀಳಲೇಬೇಕು, ಇಲ್ಲಾಂದ್ರೆ ಶುಗರ್ ಕೆಳಗಿಳಿದು ಕೈ ನಡುಗೋಕೆ ಶುರುವಾಗುತ್ತೆ. ಅವನು, ತಿಂಡಿ ಚೆಕ್ ಇನ್ ಆದ ಮಾರನೇ ದಿನದಿಂದ, ಇವತ್ತು ಬೇಕಂದ್ರೆ ಒಬ್ಬರಿಗೆ 250, ಬಫೆ ರೆಡಿ ಆಗೋಕೆ ಇನ್ನೂ ಮುಕ್ಕಾಲು ಗಂಟೆ ಅಂದ. ನಮ್ಮೆಜಮಾನ್ರು ಓಡಿ ಹೋಗಿ ಎದುರುಗಡೆ ತಳ್ಳೋ ಗಾಡಿಯಿಂದ ಬಿಸಿ ಇಡ್ಲಿ ಕಟ್ಟಿಸ್ಕೊಂಡು ಬಂದ್ರು. ಅಮ್ಮ ಸೋಫಾ ಮೇಲೆ ಕೂತು ಎರಡನೇ ತುತ್ತು ಬಾಯಿಗಿಟ್ಟಿರ್ಲಿಲ್ಲ, ಮ್ಯಾನೇಜರ್ ಬಂದು, ಅಮ್ಮ ಇಲ್ಲಿ ಹೊರಗಿನ ಊಟ ಅಲೋ ಇಲ್ಲ, ಆಚೆ ಹೋಗಿ ತಿಂದು ಬನ್ನಿ ಅಂದ್ರು. ಅಮ್ಮ ಪೊಟ್ಟಣ ಮಡಚಿ ಎದ್ರು. ಸಾವಿರಾರು ಮಕ್ಕಳು ಎದ್ದು ನಿಂತು ನಮಸ್ತೆ ಟೀಚರ್ ಅಂದಿರೋ ಜೀವ ಅದು, ಹೋಟೆಲ್ ಮೆಟ್ಟಿಲ ಮೇಲೆ ಕೂತು, ಕೈ ನಡುಗ್ತಾ ಇದ್ದಾಗ, ಇಡ್ಲಿ ತಿಂದ್ರು. ಇದನ್ನ ಬರೆಯುವಾಗ್ಲೂ ನನಗೆ ಕಣ್ಣಲ್ಲಿ ನೀರು ಬರ್ತಿದೆ.

ರೂಮ್ ಕೊಟ್ಟಿದ್ದು ಹನ್ನೆರಡೂ ನಲವತ್ತಕ್ಕೆ, ಮೂರನೇ ಮಹಡಿ. ಲಿಫ್ಟ್ ಎಲ್ಲಿ ಅಂದ್ರೆ ಪ್ಲೈವುಡ್ ಹೊಡೆದು ಮುಚ್ಚಿರೋ ಒಂದು ಗುಂಡಿ ತೋರಿಸಿದ್ರು, ಜಾಗ ಬಿಟ್ಟಿದ್ದೀವಿ ಮೇಡಂ, ಮೆಷಿನ್ ಇನ್ನೂ ಹಾಕಿಸಿಲ್ಲ ಅಂತ. ಅಂದ್ರೆ ಕೆಟ್ಟೋಗಿದ್ದಲ್ಲ, ಲಿಫ್ಟ್ ಅನ್ನೋದು ಆ ಬಿಲ್ಡಿಂಗಲ್ಲಿ ಯಾವತ್ತೂ ಇರ್ಲೇ ಇಲ್ಲ. ಕೆಳಗಿನ ರೂಮೆಲ್ಲ ಮದುವೆ ಪಾರ್ಟಿಗೆ ಹೋಗಿದೆ ಅಂದ್ರು. ಬೇರೆ ಕಡೆ ಹೋಗೋಣ ಅಂದ್ರೆ ಸೀಸನ್ನು, ನಾಲ್ಕು ಕಡೆ ಕೇಳಿದ್ವಿ ಎಲ್ಲ ಫುಲ್, ನಿಮ್ಮದು ನಾನ್ ರಿಫಂಡಬಲ್ ಬೇರೆ. 52 ಮೆಟ್ಟಿಲು, ನನ್ನ ಮಗ ಎಣಿಸಿದ. ಅಮ್ಮನಿಗೆ ಹತ್ತೋಕೆ ಇಪ್ಪತ್ತೈದು ನಿಮಿಷ ಹಿಡೀತು. ಅಲ್ಲಿ ಕಸ ಗುಡಿಸೋ ಹೆಂಗಸೊಬ್ಬರು, ಯಾರೂ ಹೇಳದೇನೇ, ಪ್ರತಿ ತಿರುವಲ್ಲೂ ಒಂದೊಂದು ಪ್ಲಾಸ್ಟಿಕ್ ಚೇರ್ ತಂದಿಟ್ಟು, ಕೂತ್ಕಳ್ರಿ ಅವ್ವಾರ, ಸಾವಕಾಶ ಹತ್ರಿ ಅಂದ್ರು. ಆ ಹೋಟೆಲಲ್ಲಿ ನಾನು ನೆನೆಸ್ಕೊಳ್ಳೋದು ಅವರೊಬ್ಬರನ್ನೇ.

ರೂಮಿನ ಬಗ್ಗೆ ಜಾಸ್ತಿ ಬರೆಯಲ್ಲ. ಬಿಸಿನೀರು ಆರರಿಂದ ಎಂಟು, ಎಕ್ಸ್‌ಟ್ರಾ ಬೆಡ್ ಅಂತ ಕೊಟ್ಟಿದ್ದು ತೆಳು ಹಾಸಿಗೆ, ಇದೆಲ್ಲ ಪ್ರಯಾಣದಲ್ಲಿ ಇದ್ದಿದ್ದೇ, ಸಹಿಸ್ಕೊಬಹುದು. ರಾತ್ರಿ ಊಟದ ಬಿಲ್ಲಲ್ಲಿ ತಾವಾಗೇ 10 ಪರ್ಸೆಂಟ್ ಸರ್ವೀಸ್ ಚಾರ್ಜ್ ಸೇರಿಸಿದ್ರು. ಹಂಗೆ ತಾವೇ ಸೇರಿಸೋ ಹಾಗಿಲ್ಲ ಅಂತ 2022ರ ಜುಲೈಯಲ್ಲೇ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನ ಎತ್ತಿ ಹಿಡಿದಿದೆ ಅಂತ ಹೇಳಿದ ಮೇಲೆ, ಅರ್ಧ ಗಂಟೆ ಕಾಯಿಸಿ ತೆಗೆದ್ರು. ಇದು ಹೋಟೆಲಿನವರ ತಪ್ಪು, ನಿಮ್ಮದಲ್ಲ, ನಿಮ್ಮ ಮೇಲೆ ಹಾಕ್ತಿಲ್ಲ. ಆದ್ರೆ ಲಿಫ್ಟು, ತಿಂಡಿ, 700 ರೂಪಾಯಿ, ಈ ಮೂರೂ ನಿಮ್ಮ ಪೇಜಲ್ಲಿ ನೀವು ಬರೆದ ಮಾತು.

ಮಾರನೇ ದಿನ ಬೆಳಗ್ಗೆ ಅಮ್ಮನ ಮೊಣಕಾಲು ಊದಿಕೊಂಡಿತ್ತು. ಆದ್ರೂ ಹಟ ಮಾಡಿ ಬಂದ್ರು. ವಿರೂಪಾಕ್ಷನ ಗುಡಿ ಮುಂದಿನ ಬಜಾರ್ ಬೀದೀಲಿ ನನ್ನ ಕೈ ಹಿಡ್ಕೊಂಡು ನಿಧಾನಕ್ಕೆ ನಡೆದ್ರು, ಮಗನಿಗೆ ಪಾಠನೂ ಮಾಡಿದ್ರು, ಮುಖದಲ್ಲಿ ಅಂಥಾ ಸಂತೋಷ ನಾನು ನೋಡಿ ಎಷ್ಟೋ ವರ್ಷ ಆಗಿತ್ತು. ಮಧ್ಯಾಹ್ನ ವಿಜಯ ವಿಠ್ಠಲ ದೇವಸ್ಥಾನಕ್ಕೆ ಅಂತ ಬ್ಯಾಟರಿ ಗಾಡಿ ಹತ್ತೋ ಜಾಗದವರೆಗೂ ಹೋದ್ವಿ, ಅಲ್ಲಿ ಕಾರಿಂದ ಇಳಿಯೋಕೇ ಆಗ್ಲಿಲ್ಲ. ಕಾಲೂರಿದ್ರೆ ಚೀರ್ಕೋತಾರೆ. ನಾವು ಯಾರೂ ಒಳಗೆ ಹೋಗ್ಲಿಲ್ಲ. ಅಮ್ಮ ಪರ್ಸಿಂದ 50 ರೂಪಾಯಿ ನೋಟು ತೆಗೆದು ಹಿಂದೆ ಇರೋ ಕಲ್ಲಿನ ರಥಾನ ಮೊಮ್ಮಗನಿಗೆ ತೋರಿಸಿ, ಇದ್ರಲ್ಲೇ ನೋಡಿದ್ದಾಯ್ತು ಬಿಡು ಪುಟ್ಟಾ ಅಂದ್ರು. ಈ ನಷ್ಟನ ನೀವು ಯಾವ ವ್ಯಾಲೆಟ್ಟಿಗೆ ಹಾಕ್ತೀರ? ನೀವು ಕೊಟ್ಟಿದ್ದು ನಿಮ್ಮ ಆ್ಯಪಲ್ಲಿ ಮಾತ್ರ ನಡೆಯೋ 500 ರೂಪಾಯಿಯ ಕಾಯಿನ್ಸು, ಅದೂ ಮೂವತ್ತು ದಿನದಲ್ಲಿ ಮತ್ತೆ ನಿಮ್ಮಲ್ಲೇ ರೂಮ್ ಬುಕ್ ಮಾಡಿದ್ರೆ ಮಾತ್ರ.

29ಕ್ಕೆ ಬಾದಾಮಿಗೆ ಹೋದ್ವಿ. ಅಲ್ಲಿ ರೂಮ್ ಯಾವ ಆ್ಯಪಲ್ಲೂ ಬುಕ್ ಮಾಡಿರ್ಲಿಲ್ಲ, ಪರಿಚಯದವರು ಕೊಟ್ಟ ಒಂದು ಲಾಡ್ಜಿನ ನಂಬರಿಗೆ ಫೋನ್ ಮಾಡಿದ್ದೆ ಅಷ್ಟೇ. ವಯಸ್ಸಾದೋರು ಇದ್ದಾರೆ ಅಂದಿದ್ದಕ್ಕೆ ಆ ಮನುಷ್ಯ ಕೇಳಿದ ಮೊದಲ ಮಾತು, ಅವ್ವಾರಿಗೆ ಮೆಟ್ಲ ಹತ್ತಾಕ ಆಕ್ಕೈತೇನ್ರಿ, ಆಗಂಗಿಲ್ಲಂದ್ರ ತಳಗಿನ ಖೋಲಿ ಇಡ್ತೀನ್ರಿ, ರೊಕ್ಕ ಬಂದ್ಮ್ಯಾಲ ಕೊಡ್ರಿ. ದಿನಕ್ಕೆ 1,400. ಗೋಡೆ ಬಣ್ಣ ಹಳೇದು, ಆದ್ರೆ ಹಾಸಿಗೆ ಬಟ್ಟೆ ಶುಭ್ರವಾಗಿತ್ತು, ಬಾತ್‌ರೂಮಿಗೆ ಒಂದು ಸ್ಟೂಲ್ ಇಟ್ಟಿದ್ರು. ಪಕ್ಕದ ಖಾನಾವಳಿಯಲ್ಲಿ ಅಮ್ಮನಿಗೆ ಇನ್ಸುಲಿನ್ ಇದೆ ಅಂತ ಒಂದು ಸಲ ಹೇಳಿದ್ದಷ್ಟೇ, ರಾತ್ರಿ ಎಂಟು ಅನ್ನೋಷ್ಟರಲ್ಲಿ ತಟ್ಟೆ ಹಾಕಿರೋರು, ಕಟಕ್ ರೊಟ್ಟಿ ಹಲ್ಲಿಗಾಗಲ್ಲ ಅಂತ ಅವರಿಗೆ ಅಂತಾನೇ ಬಿಸಿ ಬಿಸಿ ಮೆತ್ತನೆ ಜೋಳದ ರೊಟ್ಟಿ ಬಡಿದು ಕೊಟ್ರು, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾರನೇ ದಿನ ಬನಶಂಕರಿ ಗುಡಿ ಹತ್ರ ಬುಟ್ಟಿ ಹೊತ್ತ ಹೆಂಗಸರು ಮಣ್ಣಿನ ಕುಡಿಕೇಲಿ ಮೊಸರು, ರೊಟ್ಟಿ, ಝುಣಕ ಮಾರ್ತಾರಲ್ಲ, ಅವರು ಮರದ ನೆರಳಲ್ಲಿ ಅಮ್ಮನ್ನ ಕೂರಿಸಿ ಬಡಿಸಿದ್ರು, ಅನ್ನ ಸಾರಿಲ್ಲದೆ ಊಟಾನೇ ಅಲ್ಲ ಅನ್ನೋ ನಮ್ಮಮ್ಮ ಎರಡನೇ ರೊಟ್ಟಿ ಕೇಳಿ ಹಾಕಿಸ್ಕೊಂಡ್ರು. ಪಟ್ಟದಕಲ್ಲು ಸಮತಟ್ಟಾಗಿರೋದ್ರಿಂದ ಅಲ್ಲಿ ನಡೆಯೋಕಾಯ್ತು, ವಿರೂಪಾಕ್ಷ ದೇವಾಲಯದ ಮುಂದೆ ನಿಂತು ಲೋಕಮಹಾದೇವಿ ತನ್ನ ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕೆ ಕಟ್ಟಿಸಿದ್ದು ಅಂತ ಅಮ್ಮನೇ ನಮಗೆ ಗೈಡ್ ಆದ್ರು. ಇಷ್ಟೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ನಾವು ಗಲಾಟೆ ಮಾಡ್ಬೇಕು ಅಂತ ಮನೆ ಬಿಟ್ಟು ಹೊರಟೋರಲ್ಲ. ಮೆಟ್ಟಿಲು ಹತ್ತೋಕಾಗುತ್ತಾ ಅಂತ ಕೇಳೋ ಒಂದು ಮಾತು, ಇದ್ದಿದ್ದನ್ನ ಇದ್ದ ಹಾಗೆ ಹೇಳೋ ಒಂದು ಮಾತು, ಅಷ್ಟೇ ನಮಗೆ ಬೇಕಾಗಿದ್ದು.

ಮೈಸೂರಿಗೆ ವಾಪಸ್ ಬಂದ ಮೇಲೆ ನಿಮ್ಮ ಆ್ಯಪಲ್ಲಿ ರಿವ್ಯೂ ಬರೆದೆ. ಬೈಗುಳ ಒಂದೂ ಇಲ್ಲ, ಈ ಹೋಟೆಲಲ್ಲಿ ಲಿಫ್ಟ್ ಇಲ್ಲ, ವಯಸ್ಸಾದವರನ್ನ ಕರ್ಕೊಂಡು ಹೋಗೋರು ನೋಡ್ಕೊಳ್ಳಿ ಅಂತ, ಪ್ಲೈವುಡ್ ಹೊಡೆದಿರೋ ಗುಂಡಿಯ ಫೋಟೋ ಹಾಕಿದ್ದೆ. ಎರಡು ದಿನಕ್ಕೆ ಅದನ್ನ ತೆಗೆದುಹಾಕಿ, ನಿಯಮಕ್ಕೆ ಹೊಂದಲ್ಲ ಅಂತ ಮೆಸೇಜ್ ಕಳಿಸಿದ್ರಿ. ಸುಳ್ಳು ಟಿಕ್ ನಿಯಮಕ್ಕೆ ಹೊಂದುತ್ತೆ, ನಿಜ ಫೋಟೋ ಹೊಂದಲ್ವಾ? ಎಲ್ಲಕ್ಕಿಂತ ಜಾಸ್ತಿ ನನಗೆ ಸಿಟ್ಟು ಬಂದಿದ್ದು ಇದಕ್ಕೇ. ನಮಗಾಗಿದ್ದು ಆಗೋಯ್ತು, ಆದ್ರೆ ಆ ರಿವ್ಯೂ ಓದಿ ಇನ್ನೊಬ್ಬರ ಮನೆಯ ಅಜ್ಜಿ ತಾತ ಬಚಾವಾಗಬಹುದಿತ್ತು.

ಹಂಗಾಗಿ ನಾನು ಕೇಳ್ತಿರೋದು ಇಷ್ಟು. ಆ ಹೋಟೆಲಿನ ಪೇಜಲ್ಲಿ ಲಿಫ್ಟ್ ಅನ್ನೋ ಟಿಕ್ ಇವತ್ತೇ ತೆಗೀರಿ, ತಿಂಡಿ ಯಾವ ದಿನದಿಂದ ಅಂತ ಸ್ಪಷ್ಟವಾಗಿ ಹಾಕಿ, ನನ್ನ ರಿವ್ಯೂ ಫೋಟೋ ಸಮೇತ ವಾಪಸ್ ಹಾಕಿ. ದುಡ್ಡಿನ ವಿಷಯ, ಎರಡು ರಾತ್ರಿ ಅಲ್ಲಿ ಮಲಗಿದ್ದೀವಿ, ಅದಕ್ಕೆ ಪೂರ್ತಿ ಕೇಳ್ತಿಲ್ಲ. ಕೊಡದೇ ಇರೋ ಅರ್ಲಿ ಚೆಕ್ ಇನ್ನಿನ 700, ನಿಮ್ಮ ಫೀ 249, ಒಂದು ರಾತ್ರಿಯ ಬಾಡಿಗೆ ತೆರಿಗೆ ಸೇರಿ 3,360, ಒಟ್ಟು 4,309 ರೂಪಾಯಿ, ಕಾಯಿನ್ಸಲ್ಲಿ ಅಲ್ಲ, ನಾನು ಕಟ್ಟಿದ ಬ್ಯಾಂಕ್ ಅಕೌಂಟಿಗೇ ಬರಬೇಕು. ಮತ್ತೆ ನಮ್ಮ ತಾಯಿ ಹೆಸರಿಗೆ ಒಂದು ಕ್ಷಮಾಪಣೆ ಪತ್ರ, ಕನ್ನಡದಲ್ಲಿ, ಯಾರಾದ್ರೂ ಮನುಷ್ಯರು ಕೂತು ಬರೆದಿದ್ದು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ನೀವು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹಾರ ಮಾಡಬೇಕು. ನನ್ನ ಮೊದಲನೇ ಮೇಲ್ ಡಿಸೆಂಬರ್ 28ರದ್ದು, ಅದರ ಲೆಕ್ಕದಲ್ಲಿ ಜನವರಿ 28ರ ತನಕ ಕಾಯ್ತೀನಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ ಅಂತಾನೂ ವಿಚಾರಿಸಿಟ್ಟಿದ್ದೀನಿ. ಬುಕಿಂಗ್ ರಸೀದಿ, ಎರಡು ಟಿಕ್ಕಿನ ಸ್ಕ್ರೀನ್‌ಶಾಟು, ಲಿಫ್ಟ್ ಗುಂಡಿಯ ಫೋಟೋ, ನಿಮ್ಮವರ ಮೇಲ್‌ಗಳು ಎಲ್ಲ ಈ ಪತ್ರದ ಜೊತೆ ಇಟ್ಟಿದ್ದೀನಿ.

ಇವತ್ತು ಬೆಳಗ್ಗೆ ಇದನ್ನ ಬರೆಯೋಕೆ ಕೂರೋ ಮುಂಚೆ ಇನ್ನೊಂದು ಸಲ ಆ ಪೇಜ್ ತೆಗೆದು ನೋಡಿದೆ. ಲಿಫ್ಟ್ ಪಕ್ಕದಲ್ಲಿ ಹಸಿರು ಟಿಕ್ ಹಾಗೇ ಇದೆ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು