ಎರಡು ತಿಂಗಳೂ ಬಾಳದ ಕ್ಲಚ್ ಕೇಬಲ್

ಮಾನ್ಯ ಸಂಪಾದಕರೇ,

ಕಳೆದ ವಾರ ಹುಬ್ಬಳ್ಳಿಯಿಂದ ಗದಗಿಗೆ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ನನ್ನ ಬೈಕಿನ ಕ್ಲಚ್ ಕೇಬಲ್ ಪಟ್ ಅಂತ ಹರಿಯಿತು. ಹಾಕಿಸಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಸುತ್ತ ಎರೆ ಹೊಲ, ನೆರಳಿಗೊಂದು ಗಿಡ ಇಲ್ಲ. ಮೂರು ಕಿಲೋಮೀಟರ್ ಗಾಡಿ ತಳ್ಳಿದೆ. ಬೈಕಿನ ಜೊತೆ ಬಂದಿದ್ದ ಮೊದಲ ಕೇಬಲ್ ಆರು ವರ್ಷ ಬಾಳಿತ್ತು.

ಬಿಚ್ಚಿ ನೋಡಿದ ಮೇಸ್ತ್ರಿ ನಕ್ಕರು. ಒಳಗಿನ ತಂತಿಯ ಎಳೆಗಳು ತುದಿಯ ಗುಂಡಿನ ಹತ್ತಿರವೇ ಒಂದೊಂದಾಗಿ ತುಂಡಾಗಿದ್ದವು. ‘ಇಂಥಾವುದರ ಡಬ್ಬಿ ಕಂಪನೀದರಂಗ ಇರತೈತ್ರಿ, ಒಳಗಿನ ಮಾಲು ಬ್ಯಾರೆ’ ಅಂದರು. ಮನೆಗೆ ಬಂದು ಡಬ್ಬಿ ಹುಡುಕಿ ನೋಡಿದೆ. ಬಣ್ಣ, ಚಿತ್ರ ಎಲ್ಲ ಅದೇ. ಹೆಸರಿನಲ್ಲಿ ಮಾತ್ರ ಒಂದಕ್ಷರ ಹೆಚ್ಚು! ತಯಾರಿಸಿದವರ ವಿಳಾಸವೇ ಇಲ್ಲ. ಬಿಲ್ ಕೇಳದೇ ಬಂದದ್ದು ನನ್ನದೇ ತಪ್ಪು, ಬಿಡಿ.

ಕೇಬಲ್ ಹೋದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಶೂ ಕೈಕೊಟ್ಟರೆ? ಶೂ ಮೇಲೆ ಅಂಟಿಸಿರುವ, ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಅಂದರೆ ಲೈನಿಂಗ್, ಅಂಟು ಸರಿಯಿಲ್ಲದೆ ಬಿಸಿಗೆ ಕಿತ್ತು ಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಚಕ್ರವೇ ಜಾಮ್ ಆಗಬಹುದು. ಹೆಲ್ಮೆಟ್‌ಗೆ 2021ರ ಜೂನ್ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆದರೂ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಟೋಪಿಯಂಥವು ಸಿಗುತ್ತಲೇ ಇವೆ.

ಅಗ್ಗದ್ದೇ ಬೇಕು ಅನ್ನುವ ಗಿರಾಕಿಗಳೂ ಇದ್ದಾರೆ, ನಿಜ. ಆದರೆ ಪೂರ್ತಿ ದುಡ್ಡು ಕೊಟ್ಟವನಿಗೂ ನಕಲಿ ಸಿಗಬೇಕಾ? ಸಂಬಂಧಪಟ್ಟ ಇಲಾಖೆಯವರು ಗದಗ, ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಮ್ಮೆ ತಪಾಸಣೆ ಮಾಡಲಿ. ಈ ಸಲ ನಾನು ಬಿಲ್ ಪಡೆದಿದ್ದೇನೆ. ಮತ್ತೆ ಹರಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡುವುದೇ.

– ಒಬ್ಬ ಬೈಕ್ ಸವಾರ, ಗದಗ