ಅನುಕರಣೆಯ ಅಧ್ಯಯನವೂ ದೇವರ ಪ್ರಶ್ನೆಯೂ ಬೇರೆ ಬೇರೆ

ಮಾನ್ಯ ಸಂಪಾದಕರೆ,

ಹಬ್ಬದ ಪ್ರತಿ ಆಚರಣೆಯಲ್ಲೂ ವಿಜ್ಞಾನ ಅಡಗಿದೆ ಎನ್ನುವವರೂ, ಅದೆಲ್ಲ ಕುರುಡು ಅನುಕರಣೆ ಎನ್ನುವವರೂ ನೋಡಬೇಕಾದ ಪ್ರಯೋಗಗಳಿವೆ.

2005ರಲ್ಲಿ ಹಾರ್ನರ್ ಮತ್ತು ವೈಟನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ಅಂಥದೊಂದು. ಪೆಟ್ಟಿಗೆಯ ಮೇಲಿನ ತೂತಿಗೆ ಕಡ್ಡಿ ಚುಚ್ಚಿ, ಆಮೇಲೆ ಇನ್ನೊಂದು ಕಿಂಡಿಯಿಂದ ತಿನಿಸು ತೆಗೆಯುವುದನ್ನು ಚಿಂಪಾಂಜಿಗಳಿಗೂ 3–4 ವರ್ಷದ ಮಕ್ಕಳಿಗೂ ತೋರಿಸಿದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ, ಮೇಲೆ ಚುಚ್ಚುವುದರಿಂದ ಏನೂ ಆಗದೆಂಬುದು ಕಣ್ಣಿಗೇ ಕಾಣುತ್ತದೆ. ಚಿಂಪಾಂಜಿಗಳು ಆ ಹೆಜ್ಜೆಯನ್ನು ಬಹುತೇಕ ಕೈಬಿಟ್ಟವು, ಮಕ್ಕಳು ಬಿಡಲಿಲ್ಲ. 2010ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಮತ್ತು ಆಫ್ರಿಕಾದ ಕಲಹಾರಿ ಮರುಭೂಮಿಯ ಮಕ್ಕಳಲ್ಲೂ ಇದೇ ಕಂಡಿತು. ಆದರೆ ಮಧ್ಯ ಆಫ್ರಿಕಾದ ಅಕಾ ಸಮುದಾಯದ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲವೆಂದು 2015ರ ವರದಿ ಹೇಳುತ್ತದೆ. ಹಾಗಾಗಿ ಇದನ್ನು ಎಲ್ಲ ಕಡೆಯ ಮಕ್ಕಳಿಗೂ ಅನ್ವಯಿಸುವ ಆತುರ ಬೇಡ.

ನಮ್ಮ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿ. ಮಣ್ಣು ಚೆನ್ನಾಗಿ ನಾದದಿದ್ದರೆ ಎತ್ತಿನ ಕಾಲು ಬಿರುಕು ಬಿಡುತ್ತದೆ. ಮುಂದೆ ಗ್ವಾದಲಿ (ಮೇವಿನ ತೊಟ್ಟಿ) ಇಟ್ಟು ಪೂಜಿಸುವುದಕ್ಕೆ ಅಂಥ ಭೌತಿಕ ಕಾರಣವಿಲ್ಲ. ಮಗು ಎರಡನ್ನೂ ಒಂದೇ ಶ್ರದ್ಧೆಯಿಂದ ಕಲಿಯುತ್ತದೆ. ಯಾವ ಹೆಜ್ಜೆ ಮುಖ್ಯವೆಂದು ತಿಳಿಯದಾಗ ಎಲ್ಲವನ್ನೂ ಮಾಡುವುದು ಜಾಣತನವೇ. ಇದನ್ನು ಮೂಢತನ ಎನ್ನುವುದು ಅನ್ಯಾಯ.

ಧಾರವಾಡ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಪಾಲಕರ ಒಪ್ಪಿಗೆ ಪಡೆದು, ಪಾರದರ್ಶಕ ಡಬ್ಬಿಯಲ್ಲಿ ಪೇಢಾ ಇಡಿ. ಮುಚ್ಚಳವನ್ನು ಕಡ್ಡಿಯಿಂದ 3 ಸಲ ಬಡಿದು ತೆರೆದು ತೋರಿಸಿ. ಅರ್ಧ ಮಕ್ಕಳಿಗೆ ಏನೂ ತೋರಿಸದೆ ಡಬ್ಬಿ ಕೊಡಿ. ಇಲ್ಲದಿದ್ದರೆ ಬಡಿದದ್ದು ಆಟವೋ ಅನುಕರಣೆಯೋ ಗೊತ್ತಾಗದು. ನವಜಾತ ಶಿಶುಗಳು ನಾಲಿಗೆ ಚಾಚುವುದು ಅನುಕರಣೆಯೆಂಬ 1977ರ ತೀರ್ಮಾನ, 106 ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲುಗಾಡಿದ್ದು ಇಂಥ ಹೋಲಿಕೆಯಿಂದಲೇ: ಬೇರೆ ಮುಖಭಾವ ತೋರಿಸಿದಾಗಲೂ ಅವು ಅಷ್ಟೇ ಸಲ ನಾಲಿಗೆ ಚಾಚಿದ್ದವು. ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಯಿರಿ, ಗುಂಪಿನಲ್ಲಿ ಒಬ್ಬರನ್ನೊಬ್ಬರು ನೋಡಿ ಮಾಡುತ್ತಾರೆ. ತೋರಿಸಿದವರು ಹೊರಗೆ ಹೋಗಬೇಕು, ಎದುರಿಗಿದ್ದರೆ ಅವರನ್ನು ಮೆಚ್ಚಿಸಲು ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ‘ಹಿಂಗ ಮಾಡು’ ಎಂದರೆ ಪ್ರಯೋಗ ಕೆಟ್ಟಂತೆ. ‘ಪೇಢಾ ತಗಿ’ ಎಂದಷ್ಟೇ ಹೇಳಿ. ವಿಡಿಯೊ ನೋಡಿ ಎಣಿಸುವ ಇಬ್ಬರಿಗೂ ಯಾವ ಮಗು ಯಾವ ಗುಂಪಿನದೆಂದು ತಿಳಿಸಬಾರದು.

ಅನುಕರಣೆಯಿಂದಲೇ ಧಾರ್ಮಿಕ ಆಚರಣೆಯ ಹುಟ್ಟನ್ನು ವಿವರಿಸಿದವರೂ ಇದ್ದಾರೆ. ಇನ್ನೊಬ್ಬರನ್ನು ನೋಡಿ ಅನುಕರಿಸಿದ ಆಸೆಯಿಂದ ಪೈಪೋಟಿ, ಅದರಿಂದ ಬಲಿ ಕೊಡುವ ಪದ್ಧತಿ ಹುಟ್ಟಿತೆಂದು ವಾದಿಸಿದ ಫ್ರೆಂಚ್ ಚಿಂತಕ ರೆನೆ ಜಿರಾರ್ ಕ್ಯಾಥೊಲಿಕ್ ಎಂಬ ಕಾರಣಕ್ಕೆ ಅವರ ಸಿದ್ಧಾಂತವನ್ನು ತಳ್ಳಿಹಾಕುವುದೂ ತಪ್ಪು, ಪರೀಕ್ಷೆಯಿಂದ ವಿನಾಯಿತಿ ಕೊಡುವುದೂ ತಪ್ಪು. ಆಚರಣೆ ಹೇಗೆ ಹರಡುತ್ತದೆಂದು ಡಬ್ಬಿ ಹೇಳೀತು. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಅದಕ್ಕೆ ಕೇಳಬಾರದು.

— ಮಾನವಶಾಸ್ತ್ರ ಅಧ್ಯಾಪಕರು, ಧಾರವಾಡ